ಎಲೆ ಉದುರಿದ ತಿಂಗಳ ಚಿತ್ರ

"ಹೊಸಬರು ನೀವೇನಾ? ಬನ್ನಿ... ತಪ್ಪು ಹುಡುಕೋದೇ ನಿಮ್ಮ ಕೆಲಸ. ನನ್ನ ನಕ್ಷೆಯಿಂದಲೇ ಶುರು ಮಾಡಿ!"

ನಗರಪಾಲಿಕೆಯ ನಕ್ಷೆ ವಿಭಾಗದ ಮುಖ್ಯಸ್ಥ ನಗುತ್ತಾ ಕುರ್ಚಿ ಎಳೆದುಕೊಟ್ಟ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇವನೇ! ಅಪ್ಪನ ತೋಟ ನುಂಗಿದವನು ಇವನೇ!

ಅವಳ ಅಪ್ಪ ಸಾರ್ವಜನಿಕ ತೋಟದ ಮಾಲಿ. ಇಪ್ಪತ್ತೆಂಟು ವರ್ಷ ಮಕ್ಕಳಂತೆ ಸಾಕಿದ ಮರಗಳು. ಮೂರು ವರ್ಷದ ಹಿಂದೆ ಉಪಗ್ರಹ ಚಿತ್ರ ನೋಡಿ ನಗರದ ಹಸಿರು ಜಾಗಗಳನ್ನು ಗುರುತಿಸಿದ ಇವನು, ಆ ತೋಟದ ಮೇಲೆ 'ಖಾಲಿ ಜಾಗ' ಎಂದು ಬರೆದ. ವಾರದೊಳಗೆ ಮರ ಕಡಿದು ಪಾರ್ಕಿಂಗ್ ಮಾಡಿದರು. ಅಂದಿನಿಂದ ಅಪ್ಪ ಮನೆಯ ಹೊಸ್ತಿಲು ದಾಟಿಲ್ಲ.

ಎಲ್ಲರೆದುರು ಇವನ ಮಾನ ಕಳೆಯಬೇಕು. ಅದಕ್ಕೆಂದೇ ಅವಳು ನಕ್ಷೆ ಮಾಡುವ ವಿದ್ಯೆ ಕಲಿತು, ಇದೇ ಕಚೇರಿಗೆ ಬಂದಿದ್ದಳು.

ಆರು ತಿಂಗಳು ಬಾಯಲ್ಲಿ ಬೆಣ್ಣೆಯಂಥ ಮಾತಾಡುತ್ತಾ ಒಳಗೊಳಗೇ ಕತ್ತಿ ಮಸೆದಳು. ಕೊನೆಗೆ ಹಳೇ ಕಡತದಲ್ಲಿ ಸಿಕ್ಕೇಬಿಟ್ಟಿತು! ಆ ಚಿತ್ರ ತೆಗೆದದ್ದು ಎಲೆ ಉದುರುವ ತಿಂಗಳಲ್ಲಿ. ಬೋಳು ಮರಗಳು ಮೇಲಿನಿಂದ ಬರೀ ಮಣ್ಣಾಗಿ ಕಂಡಿದ್ದವು. ಇವನು ಅಲ್ಲಿಗೆ ಹೋಗಿ ನೋಡಿರಲೇ ಇಲ್ಲ.

ಈಗ ನೋಡಿದರೆ ಹೊಸ ನಕ್ಷೆಗಾಗಿ ಅವಳನ್ನೂ ಕರೆದುಕೊಂಡು ಬಿಸಿಲಲ್ಲಿ ಒಂದೊಂದು ತೋಟವನ್ನೂ ನಡೆದೇ ನೋಡುತ್ತಿದ್ದ. ತನ್ನ ಟೋಪಿಯನ್ನು ಅವಳ ತಲೆಗಿಟ್ಟು ತಾನು ಬೆವರುತ್ತಿದ್ದ. 'ಎಲ್ಲ ನಾಟಕ!' ಎಂದುಕೊಂಡರೂ ಮನಸ್ಸು ಕೇಳಬೇಕಲ್ಲ... ಈ ಪಾಪಿ ಕೆಟ್ಟವನ ಹಾಗಾದರೂ ನಡೆದುಕೊಳ್ಳಬಾರದೇ!

ಹೊಸ ನಕ್ಷೆಯ ಸಭೆಗೆ ಆಯುಕ್ತರೇ ಬಂದಿದ್ದರು. ಅವಳು ಕಡತ ಹಿಡಿದು ಏಳುವಷ್ಟರಲ್ಲಿ ಅವನೇ ಎದ್ದು ನಿಂತ.

"ಸಾರ್, ಮೊದಲು ಒಂದು ತಪ್ಪೊಪ್ಪಿಗೆ. ಹಳೇ ನಕ್ಷೆಯಲ್ಲಿ ಬೋಳು ಮರ ನೋಡಿ ಒಂದು ತೋಟನೇ ಖಾಲಿ ಜಾಗ ಅಂದ್ಬಿಟ್ಟೆ. ಹೋಗಿ ನೋಡ್ಲಿಲ್ಲ. ಆ ಮರಗಳು ಹೋಗಿದ್ದು ನನ್ನಿಂದ. ಬರೆದು ಕೊಟ್ಟಿದೀನಿ, ಏನು ಶಿಕ್ಷೆ ಕೊಟ್ರೂ ಸರಿ."

ಅವಳ ಕಣ್ಣು ತುಂಬಿತು... ಸಿಟ್ಟಿಗೋ, ಪ್ರೀತಿಗೋ!

ಹೊರಗೆ ಮೆಟ್ಟಿಲ ಬಳಿ ಅವನನ್ನು ಅಡ್ಡಗಟ್ಟಿದಳು.

"ಯಾರು ಹೇಳಿದ್ರು ನಿಮಗೆ ಒಪ್ಕೊಳ್ಳೋಕೆ? ಅದನ್ನ ನಾನು ಹೇಳ್ಬೇಕಿತ್ತು! ಆ ತೋಟದ ಮಾಲಿ ನಮ್ಮಪ್ಪ!"

ಅವನ ಮುಖ ಬಿಳುಚಿಕೊಂಡಿತು. "ನೀವು... ಅವರ ಮಗಳಾ?"

"ಹೂಂ. ನಿಮ್ಮನ್ನ ಮುಗಿಸೋಕೇ ಬಂದಿದ್ದೆ. ಹಾಳಾದ್ದು, ನಡುವೆ ಪ್ರೀತಿ ಬಂತು!"

"ನನಗೂ ಬಂದಿದೆ... ಆದ್ರೆ ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ನನ್ನ ಹತ್ರ ಆಮೇಲೆ. ಒಳಗೆ ಹೇಳಿದ್ದನ್ನ ಮೊದ್ಲು ಅಪ್ಪನ ಮುಂದೆ ನಿಂತು ಹೇಳಿ. ನಡೀರಿ!" ಮುಂಗೈ ಹಿಡಿದು ಎಳೆದಳು.

"ಬಾಗಿಲಲ್ಲೇ ನಿಲ್ಲಿಸಿ ಬೈತಾರೆ..."

"ಬೈಲಿ ಬಿಡಿ. ಮೂರು ವರ್ಷದಿಂದ ಅವರು ಯಾರಿಗೂ ಬೈದೇ ಇಲ್ಲ."

ಅವನು ಅವಳ ಜೊತೆ ಹೆಜ್ಜೆ ಹಾಕಿದ. ಗೇಟು ದಾಟಿದ ಮೇಲೆ ಮೆಲ್ಲಗೆ ಅಂದ, "ಓಡಿಹೋಗಲ್ಲ ಕಣ್ರೀ... ಕೈ ಬಿಡಿ."

"ಬಿಡಲ್ಲ."