ಹೊಸ್ತಿಲಿನ ಹಡಗು

"ಆ ಕಟ್ಟಿಗಿ ಮನಿಯೊಳಗ ಒಯ್ಯಬ್ಯಾಡ್ರಿ ಮಾಸ್ತರ," ಎಂದಳು ಎದುರು ಮನೆಯ ಗುರವ್ವ. "ಅದು ನಮ್ಮ ಹೊಸ್ತಿಲ."

ಟಂಟಂ ಗಾಡಿಯಿಂದ ಸಾಗವಾನಿಯ ದಪ್ಪ ತುಂಡನ್ನು ಇಳಿಸಿಕೊಳ್ಳುತ್ತಿದ್ದ ಗೌರೀಶ ನಕ್ಕ. ನಿಮ್ಮ ಹೊಸ್ತಿಲು ನಿಮ್ಮ ಬಾಗಿಲಲ್ಲೇ ಇದೆಯಲ್ಲಮ್ಮ ಎಂದು ಅವಳ ಮನೆಯತ್ತ ಬೆರಳು ತೋರಿಸಿದ. ಇದು ಈಗಿನ ಮನೆಯದಲ್ಲ, ಡ್ಯಾಮಿನ ನೀರಲ್ಲಿ ಮುಳುಗಿದ ಮನೆಯದು ಎಂದಳು ಮುದುಕಿ. ಆ ಬೇಸಿಗೆ ನೀರು ತೀರಾ ಇಳಿದು, ಹಳೇ ಊರಿನ ಬುನಾದಿಗಳು ಕೆಸರಿನಿಂದ ತಲೆ ಎತ್ತಿದ್ದವು. ಅಲ್ಲಿಂದ ಯಾರೋ ಕಿತ್ತು ತಂದು ಹಸನಸಾಬನ ಹಳೇ ಕಟ್ಟಿಗೆ ಅಡ್ಡೆಗೆ ಹಾಕಿದ್ದರು. ಚೌಕಟ್ಟು ಬೇಕಾದರೆ ಒಯ್ಯಿರಿ, ಹೊಸ್ತಿಲು ಬಿಡಿ ಎಂದು ಹಸನಸಾಬನೂ ಹೇಳಿದ್ದ. ಗೌರೀಶನಿಗೆ ಅದು ರೇಟು ಏರಿಸುವ ವ್ಯಾಪಾರಿಯ ಆಟ ಅನ್ನಿಸಿತ್ತು.

ಗೌರೀಶ ಕಾರವಾರದವನು. ಮುನವಳ್ಳಿಯ ತಾಂತ್ರಿಕ ಶಾಲೆಯಲ್ಲಿ ಮರಗೆಲಸ ಕಲಿಸಲು ವರ್ಗವಾಗಿ ಬಂದವನು. ಸಮುದ್ರ ಬಿಟ್ಟು ಬಂದ ಮೇಲೆ ಅವನಿಗೆ ಒಂದೇ ಹುಚ್ಚು ಹಿಡಿದಿತ್ತು. ಇನ್ನೂರು ವರ್ಷಗಳ ಹಿಂದೆ ಮುಂಬೈಯಲ್ಲಿ ಸಾಗವಾನಿಯಿಂದ ಕಟ್ಟುತ್ತಿದ್ದಂಥ ಹಾಯಿಯ ಯುದ್ಧನೌಕೆಯನ್ನು ಅಳತೆ ತಪ್ಪದಂತೆ ಚಿಕ್ಕದಾಗಿ ಮಾಡಬೇಕು. ಹೊಸ ಮರವನ್ನು ಕಡ್ಡಿಯಷ್ಟು ತೆಳ್ಳಗೆ ಸೀಳಿದರೆ ಸೊಟ್ಟಗಾಗುತ್ತದೆ. ನೀರು, ಬಿಸಿಲು ಎಲ್ಲ ಉಂಡು ಮುಗಿಸಿದ ಮರ ಮಿಸುಕುವುದಿಲ್ಲ. ಅಂಥದ್ದು ಸಿಕ್ಕಿರುವಾಗ ಮುದುಕಿಯ ಮಾತಿಗೆ ಬಿಟ್ಟಾನೆಯೇ?

ಗುರವ್ವ ಗಾಡಿಗೆ ಅಡ್ಡ ನಿಂತೇ ಕತೆ ಹೇಳಿದಳು. ಅವಳ ಅಣ್ಣ ಮಲಕಾಜಪ್ಪನ ಹೆಂಡತಿ ಸತ್ಯವ್ವ. ಹೂಲಿಯ ಹುಡುಗಿ. ಅತ್ತೆಯ ಕಾಟ ತಾಳದೆ ಸಿಕ್ಕಾಗಲೆಲ್ಲ ತವರಿಗೆ ಓಡುತ್ತಿದ್ದಳು. ಕೊನೆಗೆ ಅತ್ತೆ ಮಾಟ ಬಲ್ಲವನೊಬ್ಬನನ್ನು ಕರೆಸಿದಳು. ಸೊಸೆಯ ಕೂದಲು ಸುತ್ತಿದ ಮೊಳೆಯನ್ನು ಗಂಡನ ಕೈಯಿಂದಲೇ ಹೊಸ್ತಿಲಿಗೆ ಹೊಡೆಸಿದರು. ಅಂದಿನಿಂದ ಸತ್ಯವ್ವ ಬಾಗಿಲಿಗೆ ಬರುತ್ತಿದ್ದಳು, ಕಾಲೆತ್ತುತ್ತಿದ್ದಳು, ಮತ್ತೆ ಒಳಗೇ ಇಡುತ್ತಿದ್ದಳು. ಮುಂದೆ ಡ್ಯಾಮಿನ ನೀರು ಏರಿತು. ಊರೆಲ್ಲ ಗಾಡಿ ಕಟ್ಟಿತು. ಮಾಟ ಬಿಡಿಸಲು ಹೊಡೆದ ಕೈಯೇ ಮೊಳೆ ಕೀಳಬೇಕು. ಕಿತ್ತರೂ ಆ ತೂತು ಖಾಲಿ ಇರುವುದಿಲ್ಲ, ಕಿತ್ತವನು ತನ್ನ ಕೂದಲು ಸುತ್ತಿ ಮತ್ತೆ ಹೊಡೆದು ತಾನು ಒಳಗೆ ಉಳಿಯಬೇಕು.

"ನಮ್ಮಣ್ಣ ಗಾಡಿ ಹತ್ತಿದ," ಎಂದಳು ಗುರವ್ವ. "ನಾ ಸಣ್ಣಾಕಿ. ಹಿಂದ ಹೊಳ್ಳಿ ನೋಡಿದ್ನಿ. ವೈನಿ ಹೊಸ್ತಿಲದೊಳಗ ನಿಂತಿದ್ಲು. ನೀರು ಮೊಣಕಾಲಿಗೆ ಬಂದಿತ್ತು."

"ಒಂದು ಮೊಳೆಗೆ ಇಷ್ಟು ದೊಡ್ಡ ಕತೆಯೇ?" ಎಂದ ಗೌರೀಶ. "ನಾನಿದ್ದಿದ್ದರೆ ಒಂದೇ ನಿಮಿಷದಲ್ಲಿ ಕಿತ್ತು ಕೊಡುತ್ತಿದ್ದೆ."

ಹಾಗೆಂದವನು ಇಕ್ಕಳ ತಂದು ಅವಳ ಕಣ್ಣೆದುರೇ, ತುಂಡಿನಲ್ಲಿ ಇನ್ನೂ ಇದ್ದ ಆ ಮೊಳೆಗೆ ಹಾಕಿದ. ಬಲ ಹಾಕಲು ಕಾಲೂರಿದ್ದ, ಬಲವೇ ಬೇಕಾಗಲಿಲ್ಲ. ಒಳಗಿನಿಂದ ಯಾರೋ ದೂಡಿದಂತೆ ಮೊಳೆ ಹೊರಬಂತು. ಗೇಣುದ್ದದ ಚೌಕ ಮೊಳೆ, ಒಂದಿಷ್ಟೂ ತುಕ್ಕಿಲ್ಲ. ಅದಕ್ಕೆ ಅಂಟಿದ್ದ ಕರಿ ಎಳೆಯನ್ನು ಹೆಬ್ಬೆರಳಿನಿಂದ ಒರೆಸಿ ಊದಿಬಿಟ್ಟ. ಗುರವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು.

ಕೇಳಿದ ಕತೆ ಅವನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಿಂದ ಅಷ್ಟೊತ್ತಿಗೇ ಹೊರಬಿದ್ದಿತ್ತು. ಒಳಗೆ ಅಡುಗೆಯಲ್ಲಿದ್ದ ಹೆಂಡತಿ ಉಮಾಶ್ರೀಗೂ ಅವನು ಹೇಳಲಿಲ್ಲ. ಮರಗೆಲಸದವರ ಜಾಯಮಾನವೇ ಹಾಗೆ, ಏನೂ ದಂಡವಾಗಬಾರದು. ಅವರ ಬಾಡಿಗೆ ಮನೆಯ ಹೊಸ್ತಿಲಿನ ಒಂದು ಮೂಲೆ ಗೆದ್ದಲು ಹಿಡಿದಿತ್ತು. ಮರುದಿನ ಆ ತುಂಡಿನಿಂದ ಒಂದು ಚೂರು ಕೊಯ್ದು ಅಲ್ಲಿ ತೇಪೆ ಕೂರಿಸಿದ. ಇಂಥ ಕಬ್ಬಿಣ ಈಗೆಲ್ಲಿ ಸಿಗುತ್ತದೆ ಎಂದುಕೊಂಡು ಅದೇ ಮೊಳೆಯನ್ನೇ ಎತ್ತಿಕೊಂಡ. ತಲೆಗೆ ನೀರು ಹಾಕಿಕೊಂಡು ಬಂದಿದ್ದ ಉಮಾ ಒದ್ದೆ ಕೂದಲು ಇಳಿಬಿಟ್ಟುಕೊಂಡೇ ಬಗ್ಗಿ ತೇಪೆ ಹಿಡಿದಳು. ಗೌರೀಶ ಸುತ್ತಿಗೆ ಬೀಸಿದ.

"ಅಯ್ಯ, ನನ್ನ ಕೂದಲಾ," ಎಂದಳು.

ಒಂದು ಎಳೆ ಮೊಳೆಗೆ ಸುತ್ತಿಕೊಂಡು ಮರದೊಳಗೆ ಇಳಿದಿತ್ತು. ಕತ್ತರಿಯಿಂದ ಕತ್ತರಿಸಿ ಬಿಡಿಸಿದ. ಇಬ್ಬರೂ ನಕ್ಕರು.

ಹಡಗು ಬೆಳೆಯತೊಡಗಿತು. ಬೆನ್ನುಹಲಗೆ, ಅದಕ್ಕೆ ಪಕ್ಕೆಲುಬು, ಇಡ್ಲಿ ಪಾತ್ರೆಯ ಹಬೆಯಲ್ಲಿ ಮೆತ್ತಗಾಗಿಸಿ ಬಗ್ಗಿಸಿದ ಹೊದಿಕೆ ಪಟ್ಟಿ. ಮೂರು ಕಂಬ, ಜೇಡನ ಬಲೆಯಂಥ ದಾರದ ಹಗ್ಗ. ಇಕ್ಕೆಲಗಳಲ್ಲಿ ಎರಡೆರಡು ಸಾಲು ತೋಪುಗಂಡಿ. ಪ್ರತಿ ಗಂಡಿಗೂ ಉಗುರಿನಷ್ಟು ಬಾಗಿಲು. ಅಷ್ಟಗಲದ ಬಾಗಿಲಿಗೂ ಕೆಳಗೊಂದು ಹೊಸ್ತಿಲು.

ಕೊಯ್ದಾಗ ಸಾಗವಾನಿಯ ಎಣ್ಣೆ ವಾಸನೆ ಬರಬೇಕಿತ್ತು. ಬಂದದ್ದು ಕೆಸರಿನ ವಾಸನೆ, ಕೊಳೆತ ಪಾಚಿಯ ವಾಸನೆ. ದಿನಾ ಶಾಲೆಗೆ ಹೊರಡುವ ಮುಂಚೆ ಗಂಡಿಬಾಗಿಲುಗಳನ್ನೆಲ್ಲ ಮುಚ್ಚಿ ಹೋಗುತ್ತಿದ್ದ. ಬಂದು ನೋಡಿದರೆ ಎಲ್ಲ ತೆರೆದಿರುತ್ತಿದ್ದವು, ಕೆಳಗೆ ಮೇಜು ಒದ್ದೆಯಾಗಿರುತ್ತಿತ್ತು. ಇಲಿ ಅಂದ. ಸೆಕೆ ಅಂದ. ಒಂದು ಸಂಜೆ ಗಂಡಿಯೊಂದಕ್ಕೆ ಕಣ್ಣಿಟ್ಟು ಒಳಗೆ ನೋಡಿದ. ಆ ಪುಟ್ಟ ಹಡಗಿನ ಹೊಟ್ಟೆಯಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಕತ್ತಲೆಯಿತ್ತು. ಅಲ್ಲಿಂದ ತಣ್ಣಗಿನ ಉಸಿರೊಂದು ಬಂದು ಅವನ ಕಣ್ಣಿಗೆ ತಾಗಿತು. ಗೌರೀಶನಿಗೆ ಹೆದರಿಕೆಯಾಯಿತು, ಆದರೆ ಹೆದರಿದೆ ಅಂತ ತನಗೆ ತಾನೇ ಒಪ್ಪಿಕೊಳ್ಳಲಿಲ್ಲ.

ಇತ್ತ ಉಮಾ ಸಂತೆಗೆ ಹೋಗುವುದನ್ನು ಬಿಟ್ಟಳು. ಆಮೇಲೆ ನೀರಿನ ನಳಕ್ಕೆ ಹೋಗುವುದನ್ನೂ ಬಿಟ್ಟಳು. ರಂಗೋಲಿ ಹೊಸ್ತಿಲಿನಿಂದ ಈಚೆಗೆ, ಮನೆಯೊಳಗೆ ಬಂತು. ರಾಮದುರ್ಗದಲ್ಲಿ ಅವಳ ತಮ್ಮನ ಮದುವೆ. ಇಳಕಲ್ ಸೀರೆಯುಟ್ಟು, ಹೂ ಮುಡಿದು ಬಾಗಿಲಿಗೆ ಬಂದಳು. ಕಾಲೆತ್ತಿದಳು. ಮತ್ತೆ ಒಳಗೇ ಇಟ್ಟಳು.

"ಯಾಕೋ ಆಗವಲ್ದು ನೋಡ್ರಿ," ಎಂದಳು.

ಅವನು ರೇಗಿದ, ಒಬ್ಬನೇ ಹೋಗಿಬಂದ. ದಾರಿಯುದ್ದಕ್ಕೂ ಆ ಕಾಲು ಅವನ ಕಣ್ಣಮುಂದಿತ್ತು. ಎಲ್ಲೋ ಕೇಳಿದ್ದೆನಲ್ಲ ಅನ್ನಿಸಿ, ಎಲ್ಲಿ ಎಂಬುದು ನೆನಪಾದಾಗ ಬಸ್ಸಿನಲ್ಲಿ ಕೂತಲ್ಲೇ ಬೆವರಿದ. ಧಾರವಾಡದ ಡಾಕ್ಟರಿಗೆ ತೋರಿಸಬೇಕೆಂದು ನಿಶ್ಚಯಿಸಿದ. ಧಾರವಾಡಕ್ಕೆ ಹೋಗಬೇಕಾದರೂ ಮೊದಲು ಹೊಸ್ತಿಲು ದಾಟಬೇಕಲ್ಲ! ಊಟ ಸೇರದಾಯಿತು. ಕೂತರೆ ನಿಲ್ಲಬೇಕು, ನಿಂತರೆ ಓಡಾಡಬೇಕು. ಮೊಳೆಯನ್ನಂತೂ ಅಂದೇ ಕಿತ್ತಾಗಿದೆ, ಎಲ್ಲ ಆ ಹಡಗಿನದೇ ಕಾಟ ಎಂದುಕೊಂಡ. ಸುಟ್ಟುಬಿಡಬೇಕು ಅಂತ ದಿನಾ ಬೆಂಕಿಪೊಟ್ಟಣ ಹಿಡಿಯುತ್ತಿದ್ದ, ತನ್ನ ಕೈಕೆಲಸ ನೋಡಿ ದಿನಾ ಇಡುತ್ತಿದ್ದ.

ಶ್ರಾವಣದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಒಂದು ಮಧ್ಯಾಹ್ನ ಮೈಕಿನ ಗಾಡಿ ಓಣಿಗೆ ಬಂತು. ಡ್ಯಾಮಿನ ಗೇಟು ತೆಗೆದಿದ್ದಾರೆ, ಹೊಳೆದಂಡೆಯವರು ಕೂಡಲೇ ಮನೆ ಖಾಲಿ ಮಾಡಬೇಕು ಎಂದು ಕೂಗುತ್ತ ಹೋಯಿತು. ಕರೆಂಟು ಹೋಯಿತು. ಹಗಲೇ ಕತ್ತಲು ಕವಿಯಿತು. ಓಣಿಯ ಜನ ಟ್ರ್ಯಾಕ್ಟರಿನ ಟ್ರೇಲರು ಹತ್ತಿದರು. ಗುರವ್ವ ಮೇಲೆ ಕೂತು ಇತ್ತ ನೋಡಿದಳು. ಹೊಸ್ತಿಲಿನೊಳಗೆ ಉಮಾ ನಿಂತಿದ್ದಳು. ಮುದುಕಿಯ ಮುಖ ಬಿಳಚಿತು.

"ಮಾಸ್ತರ, ಆ ಮೊಳಿ ಏನ ಮಾಡಿದ್ರಿ?"

ಗೌರೀಶ ತಲೆ ತಗ್ಗಿಸಿ ತೇಪೆಯತ್ತ ನೋಡಿದ. ಅಲ್ಲಿವರೆಗೆ ಹಡಗು, ಹಡಗು ಎನ್ನುತ್ತಿದ್ದವನಿಗೆ ಆಗ ಎಲ್ಲ ಹೊಳೆಯಿತು. ಸುತ್ತಿಗೆ ನೆನಪಾಯಿತು. ಒದ್ದೆ ಕೂದಲು ನೆನಪಾಯಿತು.

"ನಾನೇ ಹೊಡೆದೆ," ಎಂದ.

ಗುರವ್ವ ತಲೆಯ ಮೇಲೆ ಸೆರಗೆಳೆದುಕೊಂಡಳು. ಟ್ರ್ಯಾಕ್ಟರು ಹೋಯಿತು.

ನೀರು ಮೆಟ್ಟಿಲಿಗೆ ಬಂತು. ಗೌರೀಶ ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊಸ್ತಿಲು ದಾಟಿದ. ಅವಳ ಮೈ ಸೆಟೆಯಿತು. ಬಾಯಿಂದ ನೀರು ಸುರಿಯಿತು. ಕೆಸರು ನೀರು. ಕಣ್ಣು ಮೇಲಾಯಿತು. ಓಡಿಬಂದು ಒಳಗೆ ಮಲಗಿಸಿದ. ಉಸಿರು ಬಂತು. ಹಿತ್ತಿಲ ಬಾಗಿಲಿಂದ ಒಯ್ದ. ಅಲ್ಲೂ ಅದೇ. ನೀರು ಪಾದ ಮುಚ್ಚಿತು.

"ನೀವರ ಹೋಗ್ರಿ," ಎಂದಳು ಉಮಾ.

ಹೋಗಬಹುದಿತ್ತು. ಮಲಕಾಜಪ್ಪ ಹೋಗಿದ್ದ. ಗಾಡಿ ಹತ್ತುವುದು ಎಷ್ಟು ಸುಲಭ ಎಂಬುದು ಗೌರೀಶನಿಗೆ ಆ ಗಳಿಗೆಯಲ್ಲಿ ಚೆನ್ನಾಗಿ ತಿಳಿಯಿತು. ಅವನ ಕಾಲು ತಾನಾಗಿ ಹೊರಗೆ ತಿರುಗಿತು. ಓಣಿಯ ತುದಿಗೆ ಹೊಳೆನೀರು ಇನ್ನೂ ಮುಟ್ಟಿರಲಿಲ್ಲ. ಹೆಂಡತಿಯ ಮುಖ ನೋಡಿದ. ನಾಚಿಕೆಯಾಯಿತು. ಇಕ್ಕಳ ಹುಡುಕಿದ.

ನೀರಿನೊಳಗೆ ಕೈಯಾಡಿಸಿದ. ಮೊಳೆಯ ತಲೆ ಸಿಕ್ಕಿತು. ಎಳೆದ. ಬಂತು. ಅವನ ಕೈಗೆ ಬೆಣ್ಣೆಯಂತೆ ಬಂತು. ಉಮಾ ಕಾಲೆತ್ತಿದಳು. ದಾಟಿದಳು. ಕಟ್ಟೆಯ ಮೇಲೆ ನಿಂತಳು. ಮರುಕ್ಷಣ ಗಂಟಲು ಹಿಡಿದುಕೊಂಡು ಕುಸಿದಳು. ಬಾಯಲ್ಲಿ ಮತ್ತೆ ನೀರು. ತೂತು ಖಾಲಿ ಇರುವುದಿಲ್ಲ.

ತಲೆಗೆ ಕೈ ಹಾಕಿದ. ಹಿಡಿ ಕೂದಲು ಕಿತ್ತ. ಮೊಳೆಗೆ ಸುತ್ತಿದ. ಸುತ್ತಿಗೆ ಎಲ್ಲಿ? ಸಿಗಲಿಲ್ಲ. ಒಳಕಲ್ಲಿನ ಗುಂಡು ಎತ್ತಿದ. ಹೊಡೆದ. ನೀರು ಸಿಡಿಯಿತು. ಹೊಡೆದ. ಬೆರಳು ಜಜ್ಜಿತು. ಹೊಡೆದ. ಮೊಳೆ ಇಳಿಯಿತು.

ಹೊರಗೆ ಉಮಾ ಎದೆತುಂಬ ಉಸಿರೆಳೆದದ್ದು ಕೇಳಿಸಿತು.

"ಬರ್ರೀ," ಎಂದು ಕೈಚಾಚಿದಳು.

ಅವನು ಕಾಲೆತ್ತಿದ. ಮತ್ತೆ ಒಳಗೇ ಇಟ್ಟ.

ಹಿಂದೆ ಮೇಜು ತೇಲಿ ಗೋಡೆಗೆ ಬಡಿಯಿತು. ಹಡಗು ಅದರಿಂದ ಜಾರಿ ನೀರಿಗಿಳಿದು, ನೆಟ್ಟಗೆ ನಿಂತು, ಬಾಗಿಲಿನತ್ತ ಬಂತು. ಗಾಳಿ ಎದುರಿಗಿದ್ದರೂ ಹಾಯಿ ಉಬ್ಬಿತ್ತು. ಅವನ ಮೊಣಕಾಲಿಗೆ ಸವರಿಕೊಂಡು ಹೊಸ್ತಿಲು ದಾಟುವಾಗ ಗಂಡಿಬಾಗಿಲುಗಳು ಒಂದಾದ ಮೇಲೊಂದು ತೆರೆದುಕೊಂಡವು. ಒಳಗಿಂದ ಹೆಂಗಸೊಬ್ಬಳ ನಿಟ್ಟುಸಿರು ಕೇಳಿಸಿತು. ಹೊಲದ ಕೆಲಸ ಮುಗಿಸಿ ಬಂದು ಕಟ್ಟೆಗೆ ಕೂತವರು ಬಿಡುವಂಥದ್ದು. ಹಡಗು ಸೆಳವಿಗೆ ಎದುರಾಗಿ, ಸತ್ಯವ್ವನ ತವರು ಹೂಲಿಯ ದಿಕ್ಕಿಗೆ ಸಾಗಿ, ಓಣಿಯ ತಿರುವಿನಲ್ಲಿ ಮರೆಯಾಯಿತು.

ಆ ಸಲ ನೀರು ಅವನ ಎದೆಮಟ್ಟಕ್ಕೆ ಬಂದು ನಿಂತಿತು. ಅಟ್ಟದ ಮೇಲೆ ಕೂತು ಬದುಕಿದ. ನೌಕರಿ ಹೋಯಿತು. ಉಮಾ ಗುರವ್ವನ ಮನೆಯಲ್ಲಿದ್ದಾಳೆ. ದಿನಾ ರೊಟ್ಟಿ ಪಲ್ಯ ತಂದು ಹೊಸ್ತಿಲಿನಾಚೆ ಕಟ್ಟೆಯ ಮೇಲೆ ಕೂತು ಅವನು ಉಣ್ಣುವುದನ್ನು ನೋಡುತ್ತಾಳೆ. ಒಳಗೆ ಬರುತ್ತೇನೆಂದರೆ ಅವನೇ ಬಿಡುವುದಿಲ್ಲ. ಅವನ ಎದುರಿಗೆ ಅವಳು ಅಳುವುದಿಲ್ಲ.

ಮತ್ತೆ ಶ್ರಾವಣ ಬಂದಿದೆ. ಡ್ಯಾಮಿನಲ್ಲಿ ನೀರು ಎಷ್ಟಾಯಿತು ಎಂದು ನಿನ್ನೆ ಕೇಳಿದ.

"ಇನ್ನೂ ಭಾಳ ಕಡಿಮಿ ಐತಿ," ಎಂದಳು ಉಮಾ. "ನೀವು ಉಣ್ರಿ."

ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಪೇಟೆಯ ಕಡೆಯಿಂದ ಮೈಕಿನ ಗಾಡಿಯ ಸದ್ದು ಕೇಳಿಸಿತು. ಸದ್ದು ಓಣಿಯತ್ತ ತಿರುಗಿತು. ಗೌರೀಶ ತಾಟು ಕೆಳಗಿಟ್ಟು ಎದ್ದ. ಹೊಸ್ತಿಲಿಗೆ ಬಂದ. ಕಾಲೆತ್ತಿದ. ಮತ್ತೆ ಒಳಗೇ ಇಟ್ಟ.