ಕೇಳಿದ್ದು ಸ್ಕ್ರೂಡ್ರೈವರ್

ಧಡ್!

ಎರಡನೇ ಮಹಡಿ ದಾಟಿದ ಲಿಫ್ಟ್ ಮೂರನೆಯದನ್ನು ಮುಟ್ಟದೆ ನಡುವೆಯೇ ನಿಂತುಬಿಟ್ಟಿತು.

ಅಯ್ಯೋ ದೇವರೇ! ಪರದೇಶಕ್ಕೆ ಬಂದು ಮೂರು ದಿನವಾಗಿಲ್ಲ, ಆಗಲೇ ಡಬ್ಬಿಯೊಳಗೆ ಸಿಕ್ಕಿಕೊಂಡೆನಲ್ಲಾ… ನರ್ಸಮ್ಮನ ಎದೆ ಡವಡವ ಹೊಡೆದುಕೊಂಡಿತು. ಜೊತೆಗಿದ್ದವನು ಗುರುತು ಪರಿಚಯವಿಲ್ಲದ ಗಂಡಸು. ನರೆತ ಮೀಸೆ, ಕೈಯಲ್ಲೊಂದು ತಗಡಿನ ಪೆಟ್ಟಿಗೆ.

ಅವನು ಲಿಫ್ಟಿನ ಗೋಡೆಗೆ ಕಿವಿಯಿಟ್ಟು ಗೊಣಗಿಕೊಂಡ. "ನಂಗೊತ್ತಿತ್ತು, ಅದಕ್ಕೇ ಪೆಟ್ಟಿಗೆ ಹಿಡಿದು ಹತ್ತಿದ್ದು. ಇದಕ್ಕೆ ಉಬ್ಬಸ, ಉಬ್ಬಸ!"

ಅವಳು ಬೆಚ್ಚಿಬಿದ್ದಳು. ತನ್ನದೇ ಭಾಷೆ!

"ನೀವು… ನಮ್ಮ ಕಡೆಯವರಾ?!"

"ಮೊದಲು ಹೊರಗೆ ಬೀಳೋಣ ಮೇಡಂ, ಆಮೇಲೆ ನೆಂಟಸ್ತನ ನೋಡೋಣ. ಹೆದರಬೇಡಿ, ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಕೈ ಇದು."

ಮೇಸ್ತ್ರಿ ಪೆಟ್ಟಿಗೆ ತೆರೆದಿಟ್ಟ. ಬಟನ್ನುಗಳ ಫಲಕ ಬಿಚ್ಚಿ, ಒಳಗೆ ತಲೆ ತೂರಿಸಿ, ತಿರುಗಿ ನೋಡದೆಯೇ ಅಂಗೈ ಚಾಚಿದ.

"ಸ್ಕ್ರೂಡ್ರೈವರ್!"

ಪಟ್! ಅಂಗೈ ಮೇಲೆ ಬಿದ್ದದ್ದು ಕಟಿಂಗ್ ಪ್ಲೇಯರ್.

"ರೀ, ನಾನು ಕೇಳಿದ್ದು ಸ್ಕ್ರೂಡ್ರೈವರ್!"

"ಬೇಕಾಗಿರೋದು ಅದೇ. ಎಡಗಡೆ ನೋಡಿ, ವೈರಿನ ತುದಿ ಸುಟ್ಟು ಕರಕಲಾಗಿದೆ. ಅದನ್ನ ಕತ್ತರಿಸ್ದೆ ಸ್ಕ್ರೂ ತಿರುಗಿಸಿ ಏನು ಮಾಡ್ತೀರಾ?"

ಅವನು ನೋಡಿದ. ಹೌದು! ಈಗ ತಲೆ ಹೊರಗೆ ಬಂತು. ಅವಳನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದ.

"ಯಾರು ತಾಯಿ ನೀವು?"

"ಆಪರೇಷನ್ ಥಿಯೇಟರ್ ನರ್ಸ್. ಮೂವತ್ತನಾಲ್ಕು ವರ್ಷ. ಗಡಿಬಿಡೀಲಿ ಡಾಕ್ಟರು ಕೇಳೋದೇ ಒಂದು, ಬೇಕಾಗೋದೇ ಇನ್ನೊಂದು. ಬೇಕಾದ್ದನ್ನ ಕೊಡೋದೇ ನಮ್ಮ ಕೆಲಸ."

ಅವನು ಲಿಫ್ಟೇ ಅಲುಗುವಂತೆ ನಕ್ಕ. ಐವತ್ತೆಂಟು ವರ್ಷದ ನರ್ಸಮ್ಮನ ಕೆನ್ನೆ ಯಾಕೋ ಬಿಸಿಯಾಯಿತು. ಛೇ, ಇದೇನಿದು ಹುಡುಗಾಟ!

ಲಿಫ್ಟ್ ಮೇಲೆ ಹೋಯಿತು. ಅವಳು ನೋಡಲು ಬಂದಿದ್ದ ನಾಲ್ಕನೇ ಮಹಡಿಯ ಮನೆಯಲ್ಲಿ ಬ್ರೋಕರಮ್ಮ ಕಾಯುತ್ತಿದ್ದಳು. ಕಿಟಕಿ ತೆರೆದರೆ ಸಮುದ್ರವೋ ಸಮುದ್ರ!

ಇದೇ… ಇದೇ ನನ್ನ ಮನೆ!

ನರ್ಸಮ್ಮ ನಿವೃತ್ತಿಯಾಗಿ ತಿಂಗಳಾಗಿತ್ತು. ಮದುವೆ ಎಂಬ ಮಾತು ರಾತ್ರಿಪಾಳಿ, ಹಗಲುಪಾಳಿಗಳ ನಡುವೆ ಎಲ್ಲೋ ಬಿದ್ದುಹೋಗಿತ್ತು. ಒಬ್ಬಳೇ ಪರದೇಶದಲ್ಲಿ ನೆಲೆಸುತ್ತೇನೆ ಅಂದಾಗ ತಂಗಿ ಸಿಟ್ಟಿನಿಂದ ಕುಣಿದಾಡಿದ್ದಳು.

"ಅರವತ್ತಕ್ಕೆ ಅರಳು ಮರಳು ಅಂತಾರೆ, ನಿನಗೆ ಐವತ್ತೆಂಟಕ್ಕೇ ಶುರುವಾಯ್ತೇನಕ್ಕಾ? ಜ್ವರ ಬಂದ್ರೆ ಒಂದು ಲೋಟ ನೀರು ಕೊಡೋರು ಯಾರೇ ಅಲ್ಲಿ?"

"ಇಷ್ಟು ವರ್ಷ ಬೇರೆಯವರ ಕೈಗೆ ಸಾಮಾನು ಕೊಟ್ಟೆ ಕಣೇ. ಇನ್ನು ನನಗೆ ಬೇಕಾದ್ದನ್ನ ನಾನೇ ತಗೊಳ್ತೀನಿ!" ಎಂದು ವಿಮಾನ ಹತ್ತಿದ್ದಳು.

ಅವಳ ನೋಟುಬುಕ್ಕಿನಲ್ಲಿ ಎರಡೇ ಊರು ಉಳಿದಿದ್ದವು. ಒಂದು ಈ ಕಡಲೂರು, ಇನ್ನೊಂದು ಬೆಟ್ಟದೂರು. ಬೆಟ್ಟದೂರಿನ ಪುಟದಲ್ಲಿ ಆಸ್ಪತ್ರೆ ಹತ್ತಿರ, ಬಸ್ಸು ಹತ್ತಿರ, ಎಲ್ಲ ಸರಿ. ಕಡಲೂರಿನ ಪುಟದಲ್ಲಿ ಒಂದೇ ಸಾಲು: 'ಇಲ್ಲಿ ಎದ್ದ ಕೂಡಲೇ ನಗು ಬರುತ್ತದೆ.' ಶುಕ್ರವಾರ ಸಂಜೆಯೊಳಗೆ ಹೇಳದಿದ್ದರೆ ಮನೆ ಬೇರೆಯವರಿಗೆ, ಎಂದಿದ್ದಳು ಬ್ರೋಕರಮ್ಮ.

ಮೇಸ್ತ್ರಿಯೂ ನೆಲೆಸಲು ಬಂದವನೇ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ನಾಲ್ಕು ಸಂಜೆ ಇಬ್ಬರೂ ಕಡಲ ದಂಡೆಯಲ್ಲಿ ನಡೆದರು. ಮಾತು, ಜಗಳ, ಮತ್ತೆ ಮಾತು! ಅವನು ಪ್ರತಿ ಕಟ್ಟಡದ ಲಿಫ್ಟಿಗೂ ರೋಗ ಹೇಳುತ್ತಿದ್ದ. ಅವಳು ಎದುರಿಗೆ ಬಂದವರಿಗೆಲ್ಲ ರೋಗ ಹೇಳುತ್ತಿದ್ದಳು.

ಇಷ್ಟು ನಕ್ಕು ಎಷ್ಟು ವರ್ಷವಾಯಿತು…

ಐದನೆಯ ಸಂಜೆ, ಗುರುವಾರ, ದಂಡೆಯ ಮೆಟ್ಟಿಲು ಹತ್ತುವಾಗ ಅವನು ತಟ್ಟನೆ ನಿಂತ.

"ಆ ನಾಲ್ಕನೇ ಮಹಡಿ ಮನೆ ತಗೋಬೇಡಿ."

"ಯಾಕೆ?"

"ಲಿಫ್ಟ್ ಸರಿಯಿಲ್ಲ…"

"ನೀವೇ ಸರಿ ಮಾಡಿದ್ರಲ್ಲ?"

"ಅದು ಬರೀ ತೇಪೆ. ಆರು ತಿಂಗಳೂ ಬಾಳಲ್ಲ. ಸುಮ್ನೆ… ಬೇಡ ಬಿಡಿ." ಅವನ ಕಣ್ಣು ನೆಲದ ಮೇಲಿತ್ತು.

ಓಹೋ! ನಾನು ಇಲ್ಲಿರುವುದು ಬೇಡ ಅಂತಲೇ? ಅವಳು ಮುಖ ತಿರುಗಿಸಿ ನಡೆದುಬಿಟ್ಟಳು.

ಮರುದಿನ ಬೆಳಿಗ್ಗೆ ಬ್ರೋಕರಮ್ಮನಿಗೆ ಫೋನ್ ಮಾಡಿದರೆ, ಮನೆ ಹೋಗಿತ್ತು. ಯಾರಿಗೆ? ಮೇಸ್ತ್ರಿಗೆ!

"ಬಾಯಿ ಬೆಲ್ಲ, ಕರುಳು ಕತ್ತರಿ!" ಅವಳು ಫೋನನ್ನು ಹಾಸಿಗೆಗೆ ಬಿಸಾಡಿದಳು. ಕಣ್ಣೀರು ತಡೆಯಲಾಗಲಿಲ್ಲ. ಮನೆ ಹೋದದ್ದಕ್ಕೋ, ಅವನು ಹೀಗೆ ಮಾಡಿದ್ದಕ್ಕೋ? ಎರಡನೆಯದಕ್ಕೇ, ಸುಳ್ಳೇಕೆ!

ಸೂಟ್‌ಕೇಸ್ ತುಂಬಿದಳು. ಮಧ್ಯಾಹ್ನದ ರೈಲಿಗೆ ಬೆಟ್ಟದೂರು. ಮುಗಿಯಿತು ಕಥೆ!

ಲಾಡ್ಜಿನ ಬಾಗಿಲು ತೆರೆದರೆ ಎದುರಿಗೇ ಏದುಸಿರು ಬಿಡುತ್ತಾ, ಇಂಗ್ಲಿಷಿನಲ್ಲೇ ಬೈಯುತ್ತಾ ಬ್ರೋಕರಮ್ಮ.

"ಫೋನ್ ಯಾಕೆ ಎತ್ತಲಿಲ್ಲ? ಮಾತು ಮುಗಿಯೋ ಮುಂಚೆ ಇಟ್ಟುಬಿಡೋದಾ? ತಗೊಳ್ಳಿ, ನಿಮ್ಮ ಮನೆ ಕೀಲಿ. ಅದೇ ಕಟ್ಟಡ, ನೆಲಮಹಡಿ. ಬಾಗಿಲು ತೆಗೆದ್ರೆ ಸಮುದ್ರ!"

"ನೆಲಮಹಡಿ ಖಾಲಿಯಿಲ್ಲ ಅಂದಿದ್ರಿ?"

"ಇರಲಿಲ್ಲ. ಆರು ತಿಂಗಳ ಹಿಂದೇನೇ ಆ ಮೇಸ್ತ್ರಿ ಹಿಡಿದಿಟ್ಟಿದ್ರು. ನಿನ್ನೆ ಸಂಜೆ ಓಡಿಬಂದು, ಅದನ್ನ ನಿಮಗೆ ಕೊಡಿ, ಮೇಲಿನದು ನನಗಿರಲಿ ಅಂದ್ರು. ನಿಮಗೆ ಹೇಳಬಾರದಂತೆ! ನನ್ನ ಬಾಯಲ್ಲಿ ಗುಟ್ಟು ನಿಲ್ಲುತ್ತಾ?"

"ಯಾಕಂತೆ?"

"ನೀವು ಪ್ರತಿ ಮೆಟ್ಟಿಲ ಮೇಲೂ ಎರಡು ಕಾಲೂ ಇಟ್ಟು ಹತ್ತುತ್ತೀರಂತೆ. ಮಂಡಿನೋವನ್ನ ಯಾರಿಗೂ ಹೇಳಲ್ಲವಂತೆ."

ನರ್ಸಮ್ಮ ಸೂಟ್‌ಕೇಸಿನ ಮೇಲೆ ಕುಸಿದು ಕುಳಿತಳು. ತಂಗಿಗೂ ಗೊತ್ತಿಲ್ಲದ ನೋವು ಅದು! ಊರೆಲ್ಲರ ರೋಗ ಕಂಡುಹಿಡಿದವಳನ್ನು ಆ ಮನುಷ್ಯ ಐದೇ ಸಂಜೆಯಲ್ಲಿ ಕಂಡುಹಿಡಿದಿದ್ದ.

ಮರುಕ್ಷಣ ಅವಳು ಬೀದಿಯಲ್ಲಿದ್ದಳು. ರೈಲು ಹಾಳಾಗಿ ಹೋಗಲಿ!

ಕಟ್ಟಡದ ಲಿಫ್ಟಿಗೆ ಹಗ್ಗ ಅಡ್ಡಕಟ್ಟಿ, 'ರಿಪೇರಿ ನಡೆದಿದೆ' ಎಂದು ಬರೆದಿತ್ತು. ನಾಲ್ಕು ಮಹಡಿ… ಹತ್ತಿಯೇ ತೀರುತ್ತೇನೆ! ಮಂಡಿ ಬೇಡವೆಂದಿತು. ಸುಮ್ಮನಿರು ಎಂದು ಗದರಿದಳು. ಪ್ರತಿ ಮೆಟ್ಟಿಲ ಮೇಲೂ ಎರಡು ಕಾಲು. ಯಾರಿಗೂ ಮುಚ್ಚಿಡದೆ.

ನಾಲ್ಕನೇ ಮಹಡಿಯಲ್ಲಿ ಮೇಸ್ತ್ರಿಯ ತಲೆ ಲಿಫ್ಟಿನ ಫಲಕದೊಳಗಿತ್ತು. ಹೆಜ್ಜೆ ಸಪ್ಪಳ ಕೇಳಿ, ವಾಚ್‌ಮನ್ ಎಂದುಕೊಂಡು ಅಂಗೈ ಚಾಚಿದ.

"ಸ್ಕ್ರೂಡ್ರೈವರ್ ಕೊಡಪ್ಪ."

ಪಟ್!

ಆ ಪೆಟ್ಟು ಅವನಿಗೆ ಗೊತ್ತಿತ್ತು. ಉಸಿರು ಬಿಗಿಹಿಡಿದು ತಿರುಗಿದ. ಅಂಗೈಯಲ್ಲೊಂದು ಕೀಲಿ.

"ನೆಲಮಹಡೀದು," ಎಂದಳು ಅವಳು ಏದುಸಿರು ಬಿಡುತ್ತಾ. "ಎರಡು ಕೊಟ್ಟಿದ್ದಾರೆ. ಒಂದು ನನ್ನ ಹತ್ರ ಇದೆ."

"ನಾನು ಕೇಳಿದ್ದು ಸ್ಕ್ರೂಡ್ರೈವರ್…" ಅವನು ಕೀಲಿಯನ್ನು ತಿರುಗಿಸಿ ನೋಡಿದ.

"ಬೇಕಾಗಿದ್ದದ್ದು?"

ಅವನ ಕಣ್ಣು ತುಂಬಿತು. "ಇದೇ ರೀ… ಇದೇ. ಲಿಫ್ಟ್ ನಿಂತ ದಿನದಿಂದ್ಲೂ. ಆದ್ರೆ ಒಬ್ಬರೇ ಇರ್ಬೇಕು ಅಂತ ಬಂದೋರು ನೀವು, ಹೇಗೆ ಹೇಳ್ಲಿ?"

"ನನ್ನ ಮನೆ ನನ್ನದೇ. ಮೇಲಿನದು ನಿಮಗೂ ಇರಲಿ. ಬೆಳಿಗ್ಗೆ ಎಂಟರ ತನಕ ನಾನು ಯಾರ ಹತ್ರಾನೂ ಮಾತಾಡಲ್ಲ. ಆಮೇಲೆ… ಬಾಗಿಲು ತಟ್ಟದೇ ಬನ್ನಿ."

"ಬರ್ತೀನಿ ಸಿಸ್ಟರ್!"

"ಅದೊಂದು ಮಾತ್ರ ಕರೀಬೇಡಿ, ಪುಣ್ಯಾತ್ಮ!"

ಇಬ್ಬರೂ ಕಣ್ಣೊರೆಸಿಕೊಂಡು ನಕ್ಕರು. ಅವನು ತನ್ನ ಎಣ್ಣೆಗೈಯನ್ನು ಅಂಗಿಗೆ ಒರೆಸಿ ಅವಳ ಕೈ ಹಿಡಿದ.

"ನನಗೆ ಜ್ವರ ಬಂದ್ರೆ," ಅವಳು ಮೆಲ್ಲಗೆ ಕೇಳಿದಳು, "ಒಂದು ಲೋಟ ನೀರು ಕೊಡ್ತೀರಾ?"

"ನೀವು ಕೇಳೋ ತನಕ ಕಾಯ್ತೀನಾ?"