ಕಹಕಶಾ ಬರೆದ ಪುಟ

ಹಗರಿಬೊಮ್ಮನಹಳ್ಳಿಯ ಆ ಶಾಲೆಯಲ್ಲಿ ಇದ್ದವು ನಾಲ್ಕೇ ಕಂಪ್ಯೂಟರು. ಯುಪಿಎಸ್ ವಾರಕ್ಕೊಮ್ಮೆ ಕೈ ಕೊಡುತ್ತಿತ್ತು. ರಿಪೇರಿಗೆ ಬರುವ ಮೆಕ್ಯಾನಿಕ್ ನಯೀಮ ಹತ್ತು ನಿಮಿಷದ ಕೆಲಸವನ್ನು ಇಡೀ ಪೀರಿಯಡ್ ಎಳೆಯುತ್ತಾನೆಂದು ಸೈಮಾ ಟೀಚರಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು.

"ಇವತ್ತೇನು ಕೆಟ್ಟೈತ್ರಿ?"

"ಇನ್ನಾ ಹುಡುಕಾಕ ಹತ್ತೀನ್ರಿ ಟೀಚರ್ರ."

"ಸ್ಕ್ರೂಡ್ರೈವರ್ ಕಿಸೇದಾಗ ಇಟ್ಕೊಂಡು ಹುಡುಕ್ತೀರೇನು?"

ಅವನು ತಲೆ ತಗ್ಗಿಸಿ ನಗುತ್ತಿದ್ದ. ಮುಂದಿನ ವಾರದವರೆಗೆ ಅವಳಿಗೆ ಆ ನಗು ಸಾಕು.

ಎರಡು ಸಾವಿರದ ಮೂರರ ಮುಂಗಾರಿನಲ್ಲಿ ನಯೀಮನ ಅಣ್ಣ ಲಾರಿ ಅಪಘಾತದಲ್ಲಿ ತೀರಿಕೊಂಡ. ಅಣ್ಣನ ಮಗಳು ಕಹಕಶಾ ಸೈಮಾಳ ಏಳನೇ ಕ್ಲಾಸಿನಲ್ಲೇ ಇದ್ದಳು. ಆಮೇಲೆ ನಯೀಮ ಶಾಲೆಯ ಕಡೆ ಸುಳಿಯಲಿಲ್ಲ.

ದಸರಾ ರಜೆ ಮುಗಿದ ಮೇಲೆ ಸೈಮಾ ಮಕ್ಕಳಿಗೆ ವೆಬ್ ಪೇಜ್ ಮಾಡುವುದನ್ನು ಕಲಿಸಿದಳು. ವಿಷಯ 'ನಮ್ಮ ಮನೆ'. ಮಕ್ಕಳು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದಾಗಿ ಕುಟ್ಟಿದರು.

"ಟೀಚರ್ರ, ನಂದು ಕಡೀತನಕ ದಪ್ಪ ಅಕ್ಷರಾನ ಬರಾಕತ್ತೈತ್ರಿ," ಎಂದು ಕಹಕಶಾ ಕರೆದಳು.

ತಪ್ಪು ಹುಡುಕುತ್ತ ಸೈಮಾ ಸಾಲು ಸಾಲಾಗಿ ಓದಿದಳು. 'ಅಬ್ಬಾ ತೀರಿಕೊಂಡಿದ್ದಾರೆ. ರಂಜಾನ್ ಮುಗಿದ ಮೇಲೆ ನಮ್ಮ ಅಮ್ಮಿಗೂ ನಯೀಮ ಚಾಚಾಗೂ ನಿಕಾಹ್. ಚಾಚಾ ನಮ್ಮನ್ನು ಬಿಟ್ಟು ಹೋಗುವುದಿಲ್ಲ.'

ಕೀಬೋರ್ಡಿನ ಮೇಲೆ ಅವಳ ಬೆರಳು ನಿಂತುಹೋಯಿತು.

"ತಪ್ಪು ಸಿಕ್ತೇನ್ರಿ?"

"ಸಿಕ್ತವ್ವಾ. ಅಬ್ಬಾ ಅನ್ನೋದನ್ನ ದಪ್ಪ ಮಾಡಿ, ಅಲ್ಲಿಗೇ ನಿಲ್ಲಸೋದು ಮರ್ತೀದಿ."

ಟೀಚರು ಪುಟ ಓದಿದ್ದು ಕಹಕಶಾಳಿಂದ ತಿಳಿದು ಮರುದಿನ ನಯೀಮ ತಾನಾಗಿಯೇ ಬಂದ. ಮಕ್ಕಳು ಊಟಕ್ಕೆ ಹೋಗಿದ್ದರು.

"ನಾನಾ ಹೇಳ್ಬೇಕಿತ್ರಿ. ಬಾಯೇ ಬರ್ಲಿಲ್ಲ."

"ಮನಿಯವ್ರ ಒತ್ತಾಯ ಏನು?"

"ಅಲ್ರಿ. ಭಾಭೀನ ತವರಿಗೆ ಕಳಸ್ತೀವಿ, ಹುಡುಗಿ ಇಲ್ಲೇ ಇರ್ಲಿ ಅಂದ್ರು ಹಿರೇರು. ಅದು ತಾಯಿ ಸೆರಗು ಹಿಡದ್ರ ಬಿಡವಲ್ದು. ಅದಕ್ಕ ನಿಕಾಹ್‌ಗೆ ನಾನಾ ಹೂಂ ಅಂದೆ." ಅವನು ಯುಪಿಎಸ್ ಕಡೆ ನೋಡುತ್ತ ಅಂದ, "ಈ ಹಬ್ಬಕ್ಕ ನಿಮ್ಮನಿಗೆ ಹೆಣ್ಣು ಕೇಳಾಕ ಬರೋನಿದ್ದೆ."

ಸೈಮಾ ಕಿಟಕಿಯ ಕಡೆ ತಿರುಗಿದಳು.

"ಬಂದಿದ್ರ ನಾನೂ ಹೂಂ ಅಂತಿದ್ದೆ."

ಈ ಕಡೆ ತಿರುಗದೆಯೇ ಅವಳು ಮುಂದುವರಿಸಿದಳು, "ಅರೆಮನಸ್ಸಿಲೆ ಮದಿವಿ ಆಗಬ್ಯಾಡ್ರಿ. ನಿಮ್ಮ ಭಾಭಿನೂ ಇದನ್ನ ಬೇಡ್ಕೊಂಡಿರ್ಲಿಲ್ಲ."

ಬಾಗಿಲವರೆಗೆ ಹೋದವನು ನಿಂತ.

"ಸೈಮಾ."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ತಿರುಗಲಿಲ್ಲ. ತಿರುಗಿದರೆ ಅವನಿಂದ ಹೋಗಲಾಗುತ್ತಿರಲಿಲ್ಲ. ಮೆಟ್ಟಿಲಿಳಿದ ಹೆಜ್ಜೆಗಳ ಸದ್ದು ಪೂರ್ತಿ ಅಡಗುವವರೆಗೂ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು, ಊಟ ಮುಗಿಸಿ ಓಡಿಬಂದ ಮಕ್ಕಳನ್ನು ಒಳಗೆ ಕರೆದಳು.